ಮೂರನೆಯ ಕೈ

ಹೊಳೆ ದಂಡೆಯ ಮೇಲೆ ಒಂದು ತಗಡಿನ ಶೆಡ್ಡು. ಅದರ ಯಜಮಾನರು ಮೌನೇಶಾಚಾರರು, ಗಾಡಿಗಳ ವೈರಿಂಗ್ ಮಾಡುತ್ತಲೇ ತಲೆ ಬೆಳ್ಳಗಾದವರು.

ಊರವರು ಆ ಶೆಡ್ಡನ್ನು ಆಶ್ರಮ ಅನ್ನುತ್ತಿದ್ದರು. ತಮಾಷೆಗೆ ಶುರುವಾದ ಮಾತು, ಹಾಗೇ ನಿಂತುಬಿಟ್ಟಿತ್ತು. ಆಚಾರರು ಬೈಯುತ್ತಿರಲಿಲ್ಲ, ಹೊಗಳುತ್ತಲೂ ಇರಲಿಲ್ಲ. ಏನಾದರೂ ಕೇಳಿದರೆ ಉತ್ತರದ ಬದಲು ಕೈಗೊಂದು ಸ್ಪ್ಯಾನರ್ ಕೊಡುತ್ತಿದ್ದರು.

ಅವರ ಶಿಷ್ಯ ಹಾಲೇಶ. ಏಳು ವರ್ಷದಿಂದ ಅಲ್ಲಿದ್ದ. ಒಳ್ಳೆಯ ಕೆಲಸಗಾರ. ಆದರೆ ಎಲ್ಲವನ್ನೂ ತಾನೊಬ್ಬನೇ ಮಾಡಬೇಕು ಅನ್ನುವ ಹಟಮಾರಿ.

ಕೊನೆಯ ಮೂರು ವರ್ಷ ಅವನು ಒಂದು ಕಾರು ಕಟ್ಟಿದ್ದ. ಎಲ್ಲಿಯೂ ಕೊಳ್ಳಲು ಸಿಗದಂಥ ಕಾರು. ಅದಕ್ಕೆ ಡ್ರೈವರ್ ಸೀಟೇ ಇರಲಿಲ್ಲ.

ಹಿಂಬಾಗಿಲು ತೆರೆದರೆ ಕಬ್ಬಿಣದ ಹಲಗೆಯೊಂದು ನೆಲಕ್ಕಿಳಿಯುತ್ತಿತ್ತು. ಗಾಲಿಕುರ್ಚಿ ಅದರ ಮೇಲೆ ಬಂದು ನಿಂತು ಗುಂಡಿ ಒತ್ತಿದರೆ ಮೋಟಾರು ಹಲಗೆಯನ್ನು ಎತ್ತಬೇಕು. ಕುರ್ಚಿ ಹಾಗೇ ಒಳಗೆ ಉರುಳಿ ಸ್ಟಿಯರಿಂಗ್ ಮುಂದೆ ಹೋಗಿ ಕೊಂಡಿ ಹಾಕಿಕೊಳ್ಳಬೇಕು. ಬ್ರೇಕು, ಆಕ್ಸಿಲರೇಟರು ಎಲ್ಲ ಕೈಯಲ್ಲೇ.

ಅದು ಅವನ ಅಕ್ಕ ಬನಶಂಕರಿಯ ಕಾರು. ಎರಡು ವರ್ಷದ ಕೂಸಾಗಿದ್ದಾಗ ಪೋಲಿಯೋ ಬಂದು ಅವಳ ಕಾಲುಗಳ ಬಲ ಹೋಗಿತ್ತು. ಅಲ್ಲಿಂದ ಮೂವತ್ತೊಂದು ತುಂಬುವವರೆಗೆ ಮನೆಯ ಹೊಸಿಲು ದಾಟಬೇಕಾದರೂ ಯಾರಾದರೂ ಅವಳನ್ನು ಎತ್ತಬೇಕಿತ್ತು.

ಅವಳೂ ದಿನಾ ಶೆಡ್ಡಿಗೆ ಬರುತ್ತಿದ್ದಳು. ವೈರು ಹಿಡಿಯಲೆಂದೋ ನಟ್ಟು ಕೊಡಲೆಂದೋ ಕೈ ಚಾಚುತ್ತಿದ್ದಳು.

"ನೀನು ಕೂತಿರಕ್ಕ," ಅನ್ನುತ್ತಿದ್ದ ಹಾಲೇಶ. "ನಾನಿದ್ದೀನಲ್ಲ."

ಮೂರು ವರ್ಷ ಅವಳು ಕೂತಿದ್ದಳು.

ಕಾರು ಓಡಿಸುವುದನ್ನೂ ಅಲ್ಲೇ ಹೊಳೆ ಬಯಲಿನಲ್ಲಿ ಕಲಿತಳು. ಆಗ ಹಲಗೆ ಇನ್ನೂ ಕೂತಿರಲಿಲ್ಲ. ಕುರ್ಚಿಯನ್ನು ಮೊದಲೇ ಒಳಗಿಟ್ಟು ಹಾಲೇಶನೇ ಅವಳನ್ನು ಎತ್ತಿ ಕೂಡಿಸುತ್ತಿದ್ದ, ಎತ್ತಿ ಇಳಿಸುತ್ತಿದ್ದ. ಪರೀಕ್ಷೆ ಪಾಸಾದಳು, ಲೈಸೆನ್ಸು ಬಂತು. ಕಾರಿನ ಕಾಗದಪತ್ರವೂ ಆಯಿತು. ಎಲ್ಲಕ್ಕಿಂತ ಕೊನೆಗೆ ಹಾಲೇಶ ನಲವತ್ತು ದಿನ ಕೂತು ಬಣ್ಣ ಹೊಡೆದ. ಸಂಪಿಗೆ ಹಳದಿ, ಅಕ್ಕ ಆರಿಸಿದ್ದು. ಹಿಂಬಾಗಿಲ ಕೆಳಗೆ ಸಣ್ಣಗೆ "ಬನಕ್ಕ" ಅಂತ ಬರೆದ.

ಅಷ್ಟರಲ್ಲಿ ಅವಳಿಗೆ ಆಚೆ ದಡದ ಹಳ್ಳಿಯ ಗ್ರಂಥಾಲಯದಲ್ಲಿ ಕೆಲಸ ಸಿಕ್ಕಿತು.

ಶುಕ್ರವಾರ ಸಂಜೆ ಐದರೊಳಗೆ ಹಾಜರಾಗಿ ಸಹಿ ಹಾಕಬೇಕು. ಇಲ್ಲದಿದ್ದರೆ ಪಟ್ಟಿಯಲ್ಲಿ ಮುಂದಿರುವವರಿಗೆ ಕೆಲಸ.

ಶುಕ್ರವಾರ ಬೆಳಿಗ್ಗೆ ಬನಕ್ಕ ಮೊದಲ ಸಲ ತಾನೇ ಕುರ್ಚಿ ಉರುಳಿಸಿಕೊಂಡು ಹಲಗೆಯ ಮೇಲೆ ಬಂದಳು. ಹೊಸ ಸೀರೆ. ಮಡಿಲಲ್ಲಿ ಆದೇಶದ ಕಾಗದ, ಊಟದ ಡಬ್ಬಿ.

ಗುಂಡಿ ಒತ್ತಿದಳು. ಹಲಗೆ ಒಂದು ಗೇಣು ಏರಿತು, ಎರಡು ಗೇಣು ಏರಿತು. ಆಮೇಲೆ ಮೋಟಾರು ನರಳಿತು. ಕಾರಿನೊಳಗಿನ ದೀಪ ಮಂಕಾಗಿ ಕೆಂಪಾಯಿತು. ಹಲಗೆ ನಡುವೆಯೇ ನಿಂತಿತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಹಾಲೇಶ ಮೋಟಾರಿಗೆ ಹಿಡಿಕೆ ಸಿಕ್ಕಿಸಿ, ಕೈಯಿಂದಲೇ ತಿರುಗಿಸಿ ಅಕ್ಕನನ್ನು ಕೆಳಗಿಳಿಸಿದ. ಅವನ ಮುಖ ನೋಡುವಂತಿರಲಿಲ್ಲ.

"ಆಟೋ ಕರೀತೀನಿ ಅಕ್ಕ. ನಾನೇ ಎತ್ತಿ ಕೂಡಿಸ್ತೀನಿ. ಇವತ್ತೊಂದು ದಿನ."

"ಬೇಡ."

"ಐದು ಗಂಟೆ ಅಂದಿದ್ದಾರೆ."

"ಗೊತ್ತು. ಕಾಗದ ನಾನೂ ಓದಿದ್ದೀನಿ." ಅವಳು ಡಬ್ಬಿಯನ್ನು ನೇರ ಮಾಡಿಟ್ಟುಕೊಂಡಳು. "ಹೊತ್ಕೊಂಡು ಬಂದ್ರು ಅಂತ ಮೊದಲನೇ ದಿನವೇ ಹೆಸರಾಗೋದು ಬೇಡ. ಈ ಕಾರಲ್ಲಿ ಹೋದ್ರೆ ಹೋದೆ. ಇಲ್ಲದಿದ್ರೆ ಇಲ್ಲ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಹಾಲೇಶನಿಗೆ ಹೆಚ್ಚು ಭಯವಾಯಿತು.

ಅವನು ಬ್ಯಾಟರಿಯ ಮೇಲೆ ಬಿದ್ದ. ಕಾರಿನ ಬ್ಯಾಟರಿ ಬಿಚ್ಚಿ ಹಾಕಿ, ಶೆಡ್ಡಿನ ಮೂಲೆಯಿಂದ ಲಾರಿಯ ದೊಡ್ಡ ಬ್ಯಾಟರಿ ಹೊತ್ತು ತಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಖಾಲಿ ಹಲಗೆ ಸರಾಗವಾಗಿ ಏರಿತು. ಬನಕ್ಕ ಹತ್ತಿದಳು. ಎರಡು ಗೇಣಿಗೆ ಹಲಗೆ ಮತ್ತೆ ನಿಂತಿತು.

ಮತ್ತೆ ಇಳಿಸಿದ. ಹಳೇ ಬ್ಯಾಟರಿಯನ್ನೇ ಮತ್ತೆ ಕೂರಿಸಿದ. ಮೀಟರು ತಂದು ಅಳೆದ. ಬ್ಯಾಟರಿಯ ಮೇಲೆ ಹನ್ನೆರಡೂವರೆ ವೋಲ್ಟು. ಮೋಟಾರಿನ ಬಾಯಲ್ಲೂ ಹನ್ನೆರಡೂವರೆ. ಎಲ್ಲಿ ಇಟ್ಟರೂ ಹನ್ನೆರಡೂವರೆ.

ಇಷ್ಟೂ ಹೊತ್ತು ಆಚಾರರು ಬಾಗಿಲಲ್ಲಿ ಕೂತು ಒಂದು ಹಳೇ ಹಾರನ್ನು ಬಿಚ್ಚುತ್ತಿದ್ದರು. ಹಾಲೇಶ ಅವರ ಮುಂದೆ ಹೋಗಿ ನಿಂತ.

"ಗುರುಗಳೇ, ಎಲ್ಲ ಕಡೆ ಸರಿಯಾಗೇ ತೋರಿಸ್ತಿದೆ. ಆದ್ರೂ ಎತ್ತಲ್ಲ ಅಂತದೆ."

"ಯಾವಾಗ ಅಳೆದೆ?"

"ಈಗಲೇ."

"ಮೋಟಾರು ಏನು ಮಾಡ್ತಿತ್ತು?"

"ಏನೂ ಇಲ್ಲ. ಸುಮ್ಮನಿತ್ತು."

"ಮಲಗಿರೋ ಎತ್ತಿನ ಹತ್ರ ಹೋಗಿ, ಗಾಡಿ ಭಾರವೇನಪ್ಪಾ ಅಂತ ಕೇಳಿದ್ರೆ ಅದು ಏನು ಹೇಳೀತು?"

ಹಾಲೇಶನ ಕಣ್ಣು ಅರಳಿತು. ಭಾರ ಎಳೆಯುವಾಗ ಅಳೆಯಬೇಕು. ಮೋಟಾರು ನರಳುವಾಗ ವೋಲ್ಟು ಎಲ್ಲಿ ಸೋರಿಹೋಗುತ್ತಿದೆಯೋ ಆಗಲೇ ಹಿಡಿಯಬೇಕು.

ಓಡಿದ. ಓಡಿದವನು ಅರ್ಧಕ್ಕೇ ತಿರುಗಿ ಬಂದ.

"ಗುಂಡಿ ಒತ್ತಿ ಹಿಡೀಬೇಕು. ಮೀಟರಿನ ಮೊನೆ ಎರಡೂ ಎರಡು ಕಡೆ ಹಿಡೀಬೇಕು. ನನಗಿರೋದು ಎರಡೇ ಕೈ."

ಆಚಾರರು ಅವನ ಕೈಗಳನ್ನು ಎಣಿಸುವವರ ಹಾಗೆ ನೋಡಿದರು.

"ಹೌದು. ಎರಡೇ."

ಅಷ್ಟು ಹೇಳಿ ಹಾರನ್ನಿನತ್ತ ತಿರುಗಿದರು.

ಹಾಲೇಶ ಒಂದು ಬಿದಿರು ಕಡ್ಡಿ ಕೆತ್ತಿದ. ಗುಂಡಿ ಒತ್ತಿ ಅದರ ಸಂದಿಗೆ ಕಡ್ಡಿ ಸಿಕ್ಕಿಸಿದ. ಖಾಲಿ ಹಲಗೆ ಮೇಲೇರಿ ತುದಿಗೆ ತಾಗಿತು. ಕಡ್ಡಿ ಗುಂಡಿಯನ್ನು ಬಿಡಲಿಲ್ಲ. ಮೋಟಾರು ಗುರುಗುಟ್ಟಿತು, ಏನೋ ಸುಟ್ಟ ವಾಸನೆ ಬಂತು. ಅವನು ಕಡ್ಡಿ ಕಿತ್ತು ಬಿಸಾಡಿದ.

"ಬಿಡೋಕೆ ಬರದ ಕೈ ಕೈಯಲ್ಲ," ಅಂದರು ಆಚಾರರು, ತಲೆ ಎತ್ತದೆ.

ಹನ್ನೆರಡು ಹೊಡೆದಿತ್ತು.

ಆಗ ಆಚಾರರು ಎದ್ದರು. ಪಂಚೆ ಕೊಡವಿಕೊಂಡು ಬನಕ್ಕನ ಹತ್ತಿರ ಬಂದರು.

"ತಾಯಿ, ನಿನ್ನ ಕುರ್ಚಿ ಸ್ವಲ್ಪ ಹೊತ್ತು ಕೊಡ್ತೀಯಾ?"

ಅವಳು ಅವರ ಮುಖ ನೋಡಿದಳು, ಕೊಟ್ಟೆ ಅಂದಳು. ಹಾಲೇಶ ಎತ್ತಲು ಬಂದ. ಅವಳು ಕೈ ಅಡ್ಡ ಹಿಡಿದು, ತಾನೇ ಜಾರಿ, ಕಾರಿನ ಪಕ್ಕ ಹಾಸಿದ್ದ ಚಾಪೆಯ ಮೇಲೆ ಇಳಿದು ಕೂತಳು. ಹೊಸ ಸೀರೆಗೆ ಮಣ್ಣಾಯಿತು. ಅವಳು ಅದನ್ನು ನೋಡಲೂ ಇಲ್ಲ.

ಆಚಾರರು ಗಾಲಿಕುರ್ಚಿಯಲ್ಲಿ ಕೂತು ಹಲಗೆಯ ಮೇಲೆ ಉರುಳಿ ಬಂದರು. ಕಡ್ಡಿಯಂಥ ಮನುಷ್ಯ. ತೂಕ ಸಾಲದೆಂದು ಲಾರಿಯ ಬ್ಯಾಟರಿಯನ್ನು ಕಾಲ ಬಳಿ ಇರಿಸಿಕೊಂಡರು.

"ಇದಕ್ಕೂ ಒಂದು ಕೆಲಸ ಸಿಕ್ತು," ಅಂದರು.

ಗುಂಡಿ ಒತ್ತಿದರು. ಎರಡು ಗೇಣು ಏರಿ ಹಲಗೆ ನಿಂತಿತು. ಆಚಾರರು ನೆಲಕ್ಕೂ ಸೇರದೆ ಕಾರಿಗೂ ಸೇರದೆ ನಡುವೆ ತೂಗಿದರು.

ಹಾಲೇಶ ಹಿಡಿಕೆಗಾಗಿ ಹುಡುಕಿದ. ಹಿಡಿಕೆ ಆಚಾರರ ಸೊಂಟದಲ್ಲಿತ್ತು.

"ಹಿಡಿಕೆ ಕೊಡಿ ಗುರುಗಳೇ. ಇಳಿಸ್ತೀನಿ."

"ಯಾಕೆ? ಗಾಳಿ ಚೆನ್ನಾಗಿದೆ."

"ಎಷ್ಟು ಹೊತ್ತು ಅಲ್ಲಿ ಕೂತಿರ್ತೀರಿ?"

"ಅದು ನನ್ನ ಕೈಲಿಲ್ಲ. ಒಂದು ಚಾ ಕೊಡು."

ಹಾಲೇಶ ಚಾ ಕೊಟ್ಟ. ಆಚಾರರು ಕಾಲಾಡಿಸುತ್ತ ಹೊಳೆ ನೋಡುತ್ತ ಕುಡಿದರು. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ಒಗೆಯುವುದು ಬಿಟ್ಟು ನೋಡಿದರು. ಆಶ್ರಮದ ಸ್ವಾಮಿಗಳು ಗಾಳಿಯಲ್ಲಿ ತೇಲುತ್ತಿದ್ದಾರೆ ಅಂತ ಯಾರೋ ನಕ್ಕರು.

ಹಾಲೇಶನಿಗೆ ನಗು ಬರಲಿಲ್ಲ. ಅವನು ಕಾರನ್ನು ಸುತ್ತಿದ. ಗುಂಡಿ ನೋಡಿದ, ಮೀಟರು ನೋಡಿದ, ತನ್ನ ಎರಡು ಕೈ ನೋಡಿಕೊಂಡ. ಗುಂಡಿಗೆ ಗುರುಗಳಿದ್ದರೂ, ಬ್ಯಾಟರಿಯಿಂದ ಮೋಟಾರಿಗೆ ಅವನ ತೋಳು ಎಟುಕುತ್ತಿರಲಿಲ್ಲ. ಒಂದು ಗಂಟೆಯಾಯಿತು. ಮೇಲೆ ಗುರು, ಕೆಳಗೆ ಅಕ್ಕ.

ಕೊನೆಗೆ ಅವನು ಚಾಪೆಯ ಮುಂದೆ ಕುಕ್ಕರಗಾಲಲ್ಲಿ ಕೂತ.

"ಅಕ್ಕ, ಇದನ್ನ ಸ್ವಲ್ಪ ಹಿಡೀತೀಯಾ?"

ಬನಕ್ಕ ಆಗಲೇ ಸೆರಗು ಸಿಕ್ಕಿಸಿಕೊಂಡಾಗಿತ್ತು.

"ಯಾವುದು ಎಲ್ಲಿ ಹಿಡೀಬೇಕು, ಅಷ್ಟು ಹೇಳು," ಅಂದಳು.

"ಗುಂಡಿ ನನ್ನದು," ಅಂದರು ಆಚಾರರು ಮೇಲಿನಿಂದ. "ಒತ್ತು ಅಂದಾಗ ಒತ್ತೀನಿ, ಬಿಡು ಅಂದಾಗ ಬಿಡ್ತೀನಿ."

ಹೀಗೆ ಶುರುವಾಯಿತು. ಹಾಲೇಶ ಮೀಟರು ಹಿಡಿದು ಒಂದು ಮೊನೆಯನ್ನು ಬ್ಯಾಟರಿಗೆ ಒತ್ತಿದ. ಬನಕ್ಕ ಇನ್ನೊಂದು ಮೊನೆ ಹಿಡಿದಳು.

"ಒತ್ತಿ."

ಮೋಟಾರು ನರಳಿತು. ಬ್ಯಾಟರಿಯ ಮೇಲೆ ಹನ್ನೆರಡು ವೋಲ್ಟು.

"ಬಿಡಿ. ಅಕ್ಕ, ಈಗ ಇಬ್ಬರೂ ಮೋಟಾರಿಗೆ ಹಿಡಿಯೋಣ. ಒತ್ತಿ."

ಎಂಟು.

"ನಾಲ್ಕು ಎಲ್ಲಿ ಹೋಯ್ತು?" ಅಂದಳು ಬನಕ್ಕ. ಅವಳ ದನಿ ಏರಿತ್ತು.

"ದಾರೀಲಿ ಯಾರೋ ತಿಂದ್ರು."

"ಹುಡುಕೋಣ ಮತ್ತೆ."

ಮೂರು ವರ್ಷದಲ್ಲಿ ಈ ಕಾರಿನ ಪಕ್ಕ ಹಾಲೇಶನಿಗೆ ಇಷ್ಟು ಖುಷಿಯಾಗಿರಲಿಲ್ಲ.

ಮೊದಲು ಪ್ಲಸ್ ವೈರು. ಬ್ಯಾಟರಿಯಿಂದ ಮೋಟಾರಿನವರೆಗೆ ಗೇಣು ಗೇಣು ಅಳೆದರು. ಸ್ವಿಚ್ಚು, ಫ್ಯೂಸು, ಎಲ್ಲ ಸೇರಿ ಕಳೆದದ್ದು ಕಾಲು ವೋಲ್ಟು.

"ಇಲ್ಲಿಲ್ಲ," ಅಂದ ಹಾಲೇಶ. "ಎಲ್ಲ ಅಳೆದಾಯ್ತು. ಇನ್ನೆಲ್ಲಿ?"

ಆಚಾರರು ಚಾ ಲೋಟವನ್ನು ಕೆಳಗೆ ಚಾಚಿದರು.

"ಹಾಲೇಶ, ಈ ಶೆಡ್ಡಿಗೆ ಬರೋ ದಾರಿ ಗುಡಿಸ್ತೀಯಾ?"

"ದಿನಾ ಗುಡಿಸ್ತೀನಿ."

"ಹೋಗೋ ದಾರಿ?"

"ಅದೇ ದಾರಿ ಅಲ್ವಾ ಗುರುಗಳೇ?"

"ಮನುಷ್ಯರಿಗೆ."

ಹಾಲೇಶ ಲೋಟ ಹಿಡಿದುಕೊಂಡು ನಿಂತ. ಪ್ಲಸ್ ವೈರಿನಲ್ಲಿ ಕರೆಂಟು ಹೋಗುತ್ತದೆ. ಹೋದದ್ದು ಬ್ಯಾಟರಿಗೆ ವಾಪಸ್ಸು ಬರಬೇಕು. ಆ ಬರುವ ದಾರಿ ವೈರಲ್ಲ, ಕಾರಿನ ಮೈಯೇ. ಚಾಸಿಯ ಕಬ್ಬಿಣದಲ್ಲಿ ಹರಿದು, ಒಂದು ಬೋಲ್ಟಿಗೆ ಬಂದು, ಅಲ್ಲಿಂದ ಮೈನಸ್ ವೈರು ಹಿಡಿದು ಅದು ಮನೆ ಸೇರುತ್ತದೆ. ಆ ದಾರಿಯನ್ನು ಅವನು ಒಂದು ದಿನವೂ ಅಳೆದಿರಲಿಲ್ಲ. ಕಬ್ಬಿಣಕ್ಕೇನು ಕೇಡು ಅಂದುಕೊಂಡಿದ್ದ.

"ಅಕ್ಕ, ಮೋಟಾರಿನ ಮೈಗೆ ಹಿಡಿ. ನಾನು ಬ್ಯಾಟರಿ ಮೈನಸ್ಸಿಗೆ ಹಿಡೀತೀನಿ. ಒತ್ತಿ ಗುರುಗಳೇ."

ಮೀಟರು ಮೂರೂಮುಕ್ಕಾಲು ತೋರಿಸಿತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ಮೂರೂಮುಕ್ಕಾಲು, ಅಲ್ಲಿಯ ಕಾಲು," ಅಂದಳು ಬನಕ್ಕ. "ಲೆಕ್ಕ ಸರಿಹೋಯ್ತು ನೋಡು."

"ಆದ್ರೆ ಈ ಕಡೆ ಏನಿದೆ ಅಕ್ಕ? ಒಂದು ಬೋಲ್ಟು. ನಾನೇ ಹಾಕಿದ್ದು, ನಾನೇ ಬಿಗಿ ಮಾಡಿದ್ದು. ಅದು ಅಲ್ಲಾಡೋದೇ ಇಲ್ಲ."

ನಿಂತವನಿಗೆ ಆ ಬೋಲ್ಟು ಕಾಣುತ್ತಿರಲಿಲ್ಲ. ನೆಲದಲ್ಲಿ ಕೂತವಳಿಗೆ ಅದು ಕಣ್ಣೆದುರಿಗೇ ಇತ್ತು. ಅವಳು ಬೆರಳು ಚಾಚಿ ಮುಟ್ಟಿದಳು, ತಟ್ಟನೆ ಕೈ ಹಿಂತೆಗೆದಳು.

"ಬಿಗಿ ಇದೆ," ಅಂದಳು. "ಬಿಸಿಯೂ ಇದೆ."

ಹಾಲೇಶ ಚಾಪೆಯ ಮೇಲೆ ಅಡ್ಡಬಿದ್ದು, ಅಕ್ಕನ ಪಕ್ಕ ತಲೆಯಿಟ್ಟು ನೋಡಿದ. ಬೋಲ್ಟಿನ ಸುತ್ತ ಹಳದಿ ಬಣ್ಣ ಸಣ್ಣಗೆ ಗುಳ್ಳೆ ಎದ್ದಿತ್ತು.

"ಒಂದು ಮೊನೆ ಬೋಲ್ಟಿನ ತಲೆಗೆ. ಇನ್ನೊಂದು ಅದರ ಪಕ್ಕ ಚಾಸಿಗೆ," ಅಂದ. ಅಂದವನು ತಡೆದ. "ಚಾಸಿಗೆ ತಾಗಬೇಕಾದ್ರೆ ಬಣ್ಣದೊಳಗೆ ಚುಚ್ಚಬೇಕು."

ಬನಕ್ಕ ಚುಚ್ಚಿದಳು.

"ಒತ್ತಿ," ಅಂದಳು ಗುರುಗಳಿಗೆ. ಅಷ್ಟು ದಿನದಲ್ಲಿ ಅವಳು ಆ ಶೆಡ್ಡಿನಲ್ಲಿ ಕೊಟ್ಟ ಮೊದಲ ಅಪ್ಪಣೆ ಅದು. ಆಚಾರರು ಒತ್ತಿದರು.

ಮೂರೂವರೆ ವೋಲ್ಟು ಅಲ್ಲೇ, ಒಂದು ಬೆರಳಿನ ಅಗಲದಲ್ಲಿ.

ಹಾಲೇಶನಿಗೆ ಎಲ್ಲ ತಿಳಿಯಿತು. ತಿಳಿದು ನಾಚಿಕೆಯಾಯಿತು. ಅಕ್ಕನ ಕಾರಿನಲ್ಲಿ ಒಂದು ಚೂರೂ ಬರಿ ಕಬ್ಬಿಣ ಕಾಣಬಾರದೆಂದು ಕೊನೆಯಲ್ಲಿ ಎಲ್ಲ ಬಿಚ್ಚಿ, ಮೂರು ಕೋಟು ಬಣ್ಣ ಹೊಡೆದು, ಒಣಗಿದ ಬಣ್ಣದ ಮೇಲೆಯೇ ವೈರು ಇಟ್ಟು ಬೋಲ್ಟು ಬಿಗಿದಿದ್ದ. ಕಬ್ಬಿಣಕ್ಕೂ ವೈರಿಗೂ ನಡುವೆ ಬಣ್ಣ ಕೂತಿತ್ತು. ಬೋಲ್ಟಿನ ಎಳೆಗಳಲ್ಲಿ ನುಸುಳಿ ಬರುವಷ್ಟು ಕರೆಂಟು ದೀಪಕ್ಕೆ ಸಾಕು, ಖಾಲಿ ಹಲಗೆಗೂ ಸಾಕು. ಇಂಜಿನ್ನಿಗೆ ಬೇರೆ ದಪ್ಪ ವೈರಿದ್ದುದರಿಂದ ಅದೂ ಚೆನ್ನಾಗೇ ಸ್ಟಾರ್ಟ್ ಆಗುತ್ತಿತ್ತು. ಅಕ್ಕನ ಭಾರಕ್ಕೆ ಮಾತ್ರ ಸಾಲದಾಯಿತು.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ್ದ.

"ಬಣ್ಣ ಕೆರೀಬೇಕು," ಅಂದ. ಬೋಲ್ಟಿನ ಮೇಲೆಯೇ "ಬನಕ್ಕ" ಅನ್ನುವ ಅಕ್ಷರಗಳಿದ್ದವು. ಅವನ ಕೈ ಏಳಲಿಲ್ಲ. "ನಲವತ್ತು ದಿನ ಅಕ್ಕ."

"ಉಪ್ಪುಕಾಗದ ಕೊಡು ಇಲ್ಲಿ."

"ನೀನು ಕೂತಿರು, ನಾನು..."

ಹೇಳುತ್ತ ಹೇಳುತ್ತ ಅವನೇ ನಿಲ್ಲಿಸಿದ. ಬೋಲ್ಟು ಬಿಚ್ಚಿ, ಉಪ್ಪುಕಾಗದವನ್ನು ಅವಳ ಕೈಗಿಟ್ಟ.

ಬನಕ್ಕ ಉಜ್ಜಿದಳು. ಬಣ್ಣ ಪುಡಿಯಾಗಿ ಅವಳ ಮಡಿಲಿಗೆ ಬಿತ್ತು. ತನ್ನ ಹೆಸರಿನ ಅರ್ಧ ಅಕ್ಷರ ಹೋದರೂ ಅವಳು ನಿಲ್ಲಿಸಲಿಲ್ಲ. ರೂಪಾಯಿ ಅಗಲದ ಕಬ್ಬಿಣ ಬೆಳ್ಳಗೆ ಹೊಳೆಯುವವರೆಗೆ ಉಜ್ಜಿದಳು. ಹಾಲೇಶ ವೈರಿನ ತುದಿ ಉಜ್ಜಿ, ಬೋಲ್ಟು ಹಾಕಿ ಬಿಗಿದ. ತುಕ್ಕು ಹಿಡಿಯದಿರಲೆಂದು ಮೇಲೆ ವ್ಯಾಸಲೀನು ಸವರಿದಳು ಬನಕ್ಕ.

"ಒತ್ತಿ ಗುರುಗಳೇ," ಅಂದರು ಇಬ್ಬರೂ.

ಮೋಟಾರು ನರಳಲಿಲ್ಲ. ದೀಪ ಕದಲಲಿಲ್ಲ. ಆಚಾರರು ಲಾರಿಯ ಬ್ಯಾಟರಿ ಸಮೇತ ಬಾಗಿಲ ಮಟ್ಟಕ್ಕೆ ಏರಿ ನಿಂತರು. ದಂಡೆಯಲ್ಲಿದ್ದವರು ಚಪ್ಪಾಳೆ ತಟ್ಟಿದರು. ಹಾಲೇಶ ಮೀಟರು ನೋಡಿದ. ವಾಪಸ್ಸು ಬರುವ ದಾರಿಯಲ್ಲಿ ಈಗ ಕಳೆಯುತ್ತಿದ್ದುದು ಬರೀ ಕಾಲು ವೋಲ್ಟು. ಅವನ ಕಣ್ಣಲ್ಲಿ ನೀರು ಬಂತು, ಅವನು ಒರೆಸಿಕೊಳ್ಳಲಿಲ್ಲ.

ಆಚಾರರು ಇಳಿದು ಬಂದು ಕುರ್ಚಿ ಬಿಟ್ಟುಕೊಟ್ಟರು. ಸೊಂಟದ ಹಿಡಿಕೆ ತೆಗೆದು ಕಾರಿನೊಳಗಿಟ್ಟರು. ಬನಕ್ಕ ಚಾಪೆಯಿಂದ ತಾನೇ ತೋಳೂರಿ ಕುರ್ಚಿಗೆ ಏರಿದಳು. ಹೊತ್ತು ಹಿಡಿಯಿತು. ಯಾರೂ ಮುಂದೆ ಬರಲಿಲ್ಲ.

ಮೂರೂಕಾಲು ಗಂಟೆ. ಸೇತುವೆ ಸುತ್ತಿ ಆಚೆ ದಡಕ್ಕೆ ಮುಕ್ಕಾಲು ಗಂಟೆಯ ದಾರಿ.

ಹಲಗೆಯ ಮೇಲೆ ಅವಳು ಗುಂಡಿ ಒತ್ತಿದಳು. ಒಂದು ಗೇಣು, ಎರಡು ಗೇಣು, ಮೂರು, ನಾಲ್ಕು. ಹಾಲೇಶ ಉಸಿರು ಬಿಟ್ಟ. ಅವಳು ಒಳಗೆ ಉರುಳಿದಳು. ಸ್ಟಿಯರಿಂಗ್ ಮುಂದೆ ಕೊಂಡಿ ಬಿದ್ದ ಸದ್ದು ಹೊರಗಿನವರೆಗೆ ಕೇಳಿಸಿತು.

"ಸೀರೆ ತುಂಬ ಮಣ್ಣಾಗಿದೆ ಅಕ್ಕ," ಅಂದ ಹಾಲೇಶ, ಕಿಟಕಿಯ ಹತ್ತಿರ ಬಂದು. "ಕೈಯೆಲ್ಲ ಗ್ರೀಸು."

ಅವಳು ಕೈ ತಿರುಗಿಸಿ ನೋಡಿಕೊಂಡಳು.

"ಇರಲಿ," ಅಂದಳು. "ಕೇಳಿದ್ರೆ, ಕಾರು ರಿಪೇರಿ ಮಾಡ್ಕೊಂಡು ಬಂದೆ ಅಂತೀನಿ."

ಸಂಪಿಗೆ ಬಣ್ಣದ ಕಾರು ದಂಡೆಯ ಮಣ್ಣುದಾರಿ ಹಿಡಿಯಿತು. ಹುಣಸೆಮರದ ತಿರುವಿನಲ್ಲಿ ಒಂದು ಸಲ ಹಾರನ್ನು ಹಾಕಿ ಮರೆಯಾಯಿತು.

ಹಾಲೇಶ ನಿಂತಲ್ಲಿ ನಿಲ್ಲಲಾರದೆ ಹೋದ. ಗೋಡೆಗೊರಗಿಸಿದ್ದ ಬೈಕಿನತ್ತ ಓಡಿದ.

"ಗುರುಗಳೇ, ಸೇತುವೆ ತನಕ ಹಿಂದೆ ಹೋಗಿ ಬರ್ತೀನಿ. ಅಲ್ಲಿ ಲಾರಿ ಜಾಸ್ತಿ. ನಡುವೆ ಏನಾದ್ರೂ ಆದ್ರೆ ಒಬ್ಬಳೇ ಏನು ಮಾಡ್ತಾಳೆ? ದೂರದಿಂದಲೇ ನೋಡ್ತೀನಿ, ಅವಳಿಗೆ ಗೊತ್ತೂ ಆಗಲ್ಲ."

ಬೈಕಿನ ಕೀಲಿ ಬೈಕಿನಲ್ಲಿರಲಿಲ್ಲ, ಆಚಾರರ ಸೊಂಟದಲ್ಲಿತ್ತು.

ಆಚಾರರು ಬನಕ್ಕ ಕೂತಿದ್ದ ಚಾಪೆಯ ಮೇಲಿನ ಹಳದಿ ಪುಡಿಯನ್ನು ಕೊಡವಿದರು. ಹೊಳೆಯ ಕಡೆಗೆ ಮುಖ ಮಾಡಿ ಅದನ್ನು ಮತ್ತೆ ಹಾಸಿದರು.

"ನೀನು ಕೂತಿರು," ಅಂದರು.